ಗಾಳಿಕಿಂಡಿ ಮುಚ್ಚಿ ಹಾಡಿದವಳು

ಜನವರಿಯ ಎರಡನೆಯ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಬ್ರಯನಿ ಆಕ್ರಾಯ್ಡ್ ಸ್ಟೂಲಿನ ಮೇಲೆ ನಿಂತು ತನ್ನ ದೋಣಿಮನೆಯ ಚಾವಣಿಯ ಗಾಳಿಕಿಂಡಿಗೆ ಉಣ್ಣೆಯ ಕಾಲುಚೀಲ ತುರುಕುತ್ತಿದ್ದಳು. ಒಂದು ಸಾಲಲಿಲ್ಲ. ಜೋಡಿಯ ಇನ್ನೊಂದನ್ನೂ ತುರುಕಿ, ಅಂಗೈಯಿಂದ ಒತ್ತಿ ಹಿಡಿದು, ಕಿವಿಗೊಟ್ಟು ಕೇಳಿದಳು. ಕಾಲುವೆಯ ದಡದಲ್ಲಿ ಬೆಳಗಿನಿಂದ ಜಗಳವಾಡುತ್ತಿದ್ದ ಬಾತುಗಳ ಸದ್ದು ಯಾರೋ ಪಕ್ಕದ ಮನೆಗೆ ಎತ್ತಿಟ್ಟಂತೆ ದೂರವಾಯಿತು.

ಚಾವಣಿಯಲ್ಲಿ ಅಂಥ ಕಿಂಡಿಗಳು ಇನ್ನೂ ಮೂರಿದ್ದವು. ಬಾಗಿಲಿನ ಕೆಳಭಾಗದಲ್ಲಿ ಒಂದು ಜಾಲರಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಮೂರಕ್ಕೂ ಬಟ್ಟೆ ತುಂಬಿ, ಜಾಲರಿಗೆ ಹಳೆಯ ಜಮಖಾನೆಯ ತುಂಡೊಂದನ್ನು ಟೇಪಿನಿಂದ ಅಂಟಿಸಿ ಮುಚ್ಚಿಯಾಗಿತ್ತು. ದೋಣಿಯೊಳಗೆ ಈಗ ಎರಡೇ ಸದ್ದು. ಒಂದು, ಮೂಲೆಯಲ್ಲಿ ಉರಿಯುತ್ತಿದ್ದ ಕಲ್ಲಿದ್ದಲ ಒಲೆಯದು. ಇನ್ನೊಂದು ಅವಳ ಉಸಿರಿನದು. ಮೈಕು ಹಚ್ಚಿ, ಹೆಡ್‌ಫೋನು ಹಾಕಿಕೊಂಡು ಕೇಳಿದಾಗ ಅವಳಿಗೆ ತುಂಬ ಸಂತೋಷವಾಯಿತು.

ಇಂಥ ದೋಣಿಗಳಲ್ಲಿ ಆ ಕಿಂಡಿಗಳನ್ನು ಇಟ್ಟಿರುವುದು ಒಲೆಗಾಗಿ. ಸಾಕಷ್ಟು ಗಾಳಿ ಸಿಗದಿದ್ದರೆ ಕಲ್ಲಿದ್ದಲು ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಉಸಿರಿನೊಂದಿಗೆ ರಕ್ತಕ್ಕೆ ಸೇರಿ, ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಇದು ಬ್ರಯನಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಕಾಲುವೆಯ ಮೇಲೆ ಆರು ಚಳಿಗಾಲ ಕಳೆದವಳು ಅವಳು. ಹಾಡುವಾಗ ಮುಚ್ಚುವುದು, ಹಾಡಿ ಮುಗಿದ ಮೇಲೆ ತೆಗೆಯುವುದು ಎಂದು ಲೆಕ್ಕ ಹಾಕಿದ್ದಳು. ಮೊದಲ ವಾರ ಹಾಗೆಯೇ ಮಾಡಿದಳು ಕೂಡ.

ಬ್ರಯನಿಗೆ ಆಗ ಮೂವತ್ತೊಂಬತ್ತು. ಹುಟ್ಟಿದ್ದು ಹ್ಯಾಲಿಫ್ಯಾಕ್ಸ್‌ನಲ್ಲಿ. ಅಪ್ಪ ಬಸ್ಸು ಓಡಿಸುತ್ತಿದ್ದ, ಅಮ್ಮ ಶಾಲೆಯ ಅಡುಗೆಮನೆಯಲ್ಲಿ ಬಡಿಸುತ್ತಿದ್ದಳು. ಹದಿನಾರಕ್ಕೆ ಗಿಟಾರ್ ಹಿಡಿದು, ಹದಿನೆಂಟಕ್ಕೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಬುಧವಾರದ ಹಾಡಿನ ಸರದಿಯಲ್ಲಿ ನಿಂತಳು. ಅಲ್ಲಿ ಯಾರು ಬೇಕಾದರೂ ಎರಡು ಹಾಡು ಹಾಡಬಹುದಿತ್ತು. ಬಾರಿನಲ್ಲಿ ಗ್ಲಾಸು ಒರೆಸುತ್ತಿದ್ದವನು ಮೊದಲ ಸಲ ಕೇಳಿ, "ಹಾಡು ಪರವಾಗಿಲ್ಲ ಕಣಮ್ಮ, ಆದ್ರೆ ಹಾಜರಿ ಕೂಗೋ ಟೀಚರ್ ಥರ ಹಾಡ್ತೀಯ" ಎಂದಿದ್ದ. ಆ ಮಾತು ಅವಳ ಬೆನ್ನು ಬಿಡಲಿಲ್ಲ. ಅವಳ ದನಿ ಸ್ವಚ್ಛ, ಚುರುಕು, ನೇರ. ಬಲಗಾಲಿನಿಂದ ನೆಲಕ್ಕೆ ತಾಳ ಹಾಕುತ್ತ ಹಾಡಿದರೆ ಒಂದು ಕೂದಲಿನಷ್ಟೂ ಹಿಂದೆಮುಂದೆ ಆಗುತ್ತಿರಲಿಲ್ಲ. ಬೇರೆಯವರು ಅದನ್ನು ಗುಣವೆಂದರು. ಹಾಡು ಬರೆದು ಹಾಡುವವಳಿಗೆ ಅದೊಂದು ಕೊರತೆಯೆಂದು ಅವಳಿಗೇ ಒಳಗೊಳಗೆ ಅನ್ನಿಸುತ್ತಿತ್ತು.

ದೊಡ್ಡ ಕಂಪನಿ ಯಾವುದೂ ಅವಳನ್ನು ಕರೆಯಲಿಲ್ಲ. ಲೀಡ್ಸ್‌ನಲ್ಲಿ ಗಂಡಹೆಂಡಿರಿಬ್ಬರು ತಮ್ಮ ಮಲಗುವ ಕೋಣೆಯಿಂದ ನಡೆಸುತ್ತಿದ್ದ ಪುಟ್ಟ ಸಂಸ್ಥೆಯೊಂದು ಅವಳ ನಾಲ್ಕು ಆಲ್ಬಂ ತಂದಿತು. ಬಸ್ ನಿಲ್ದಾಣದಲ್ಲಿ ಕಾಯುವ ಹೆಂಗಸಿನ ಮೇಲೆ ಬರೆದ ಹಾಡೊಂದು ರೇಡಿಯೋದಲ್ಲಿ ಒಂದಿಡೀ ಬೇಸಿಗೆ ಬಂತು. ಆ ಹಾಡಿನ ಬಲದ ಮೇಲೆ ಹನ್ನೆರಡು ವರ್ಷ ವ್ಯಾನಿನಲ್ಲಿ ಊರೂರು ಸುತ್ತಿದಳು. ಅಪರಿಚಿತರ ಸೋಫಾಗಳ ಮೇಲೆ ಮಲಗಿದಳು, ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ ತಿಂದಳು, ಹಾಡು ಮುಗಿದ ಮೇಲೆ ಬಾಗಿಲ ಬಳಿ ನಿಂತು ತನ್ನ ಹೆಸರು ಅಚ್ಚಾದ, ಪಾತ್ರೆ ಒರೆಸುವ ಟೀ ಟವೆಲುಗಳನ್ನು ಮಾರಿದಳು. ಜೊತೆಗೆ ಇಬ್ಬರಿದ್ದರು. ಬೇಸ್ ಗಿಟಾರ್ ನುಡಿಸುತ್ತಿದ್ದ ಐವರ್ ಹೋಲ್ಡ್‌ಸ್ವರ್ತ್ ಒಬ್ಬ, ಡ್ರಮ್ಮಿನ ಸ್ಟುವರ್ಟ್ ಇನ್ನೊಬ್ಬ. ಸ್ಟುವರ್ಟ್ ಕುಡಿದೇ ಸತ್ತ. ಅವನು ಕುಡಿಯುತ್ತಿದ್ದಾನೆಂದು ಮೊದಲು ಗೊತ್ತಾದದ್ದು ಐವರ್‌ಗೆ, ಅದೂ ಬಾಯಿಯ ವಾಸನೆಯಿಂದಲ್ಲ. ವಾರದಿಂದ ವಾರಕ್ಕೆ ಹಾಡುಗಳು ನಿಧಾನವಾಗುತ್ತಿದ್ದವು. ಐವರ್ ಅದನ್ನು ಗಮನಿಸಿಯೂ ಬಾಯಿ ಬಿಡಲು ಒಂದು ವರ್ಷ ತಡಮಾಡಿದ.

ಆಮೇಲೆ ಲೀಡ್ಸ್‌ನ ಸಂಸ್ಥೆ ಮುಚ್ಚಿತು. ವ್ಯಾನು ಮಾರಿ ಬ್ರಯನಿ ದೋಣಿ ಕೊಂಡಳು. ಮಂಗಳವಾರ, ಗುರುವಾರ ಟಾಡ್‌ಮರ್ಡನ್‌ನ ಶಾಲೆಯಲ್ಲಿ ಮಕ್ಕಳಿಗೆ ಯುಕುಲೇಲಿ ಎಂಬ ಪುಟ್ಟ ಗಿಟಾರ್ ಹೇಳಿಕೊಡುವುದು, ಉಳಿದ ದಿನ ಯಾರೂ ಕೇಳದ ಹಾಡುಗಳನ್ನು ಬರೆಯುವುದು. ಹೀಗೆ ಆರು ವರ್ಷ ಕಳೆದ ಮೇಲೆ, ಡಿಸೆಂಬರಿನಲ್ಲಿ, ಮ್ಯಾಂಚೆಸ್ಟರ್‌ನಿಂದ ಫ್ರಾನ್ ಎಂಬವಳ ಫೋನು ಬಂತು. ಫ್ರಾನ್ ಹೊಸದಾಗಿ ಆಲ್ಬಂಗಳನ್ನು ತರುತ್ತಿದ್ದಳು, ಅವಳ ಮಾತಿಗೆ ಈಗ ಬೆಲೆಯಿತ್ತು.

"ಬಸ್ ಸ್ಟಾಪ್ ಹಾಡು ನನ್ನ ಅಮ್ಮನಿಗೆ ಪ್ರಾಣ" ಎಂದಳು ಫ್ರಾನ್. "ನಿಮ್ಮಿಂದ ಒಂದು ಆಲ್ಬಂ ಬೇಕು. ಸ್ಟುಡಿಯೋ ಬೇಡ, ವಾದ್ಯಗೋಷ್ಠಿ ಬೇಡ. ಒಬ್ಬಳೇ ಹೆಂಗಸು, ಒಂದು ಕೋಣೆ. ಕೇಳಿದ್ರೆ ನಮ್ಮ ಕಿವಿ ಪಕ್ಕ ಕೂತು ಹೇಳ್ದಂಗಿರಬೇಕು. ಫೆಬ್ರವರಿ ಕೊನೆಗೆ ಕೊಡ್ತೀರಾ?"

ಇಂಥ ಕರೆ ಇನ್ನೊಮ್ಮೆ ಬರುವುದಿಲ್ಲವೆಂದು ಬ್ರಯನಿಗೆ ಗೊತ್ತಿತ್ತು. ಅದಕ್ಕೇ ಕಾಲುಚೀಲಗಳು.

ಮೊದಲ ಹಾಡು ಮೂರು ದಿನದಲ್ಲಿ ಮುಗಿಯಿತು. ಎರಡನೆಯ ಹಾಡನ್ನು ಎಲ್ಲಕ್ಕಿಂತ ಚೆನ್ನಾಗಿ ಹಾಡಿದ ಸಲ, ಅದರ ಕೊನೆಯಲ್ಲಿ, ಗಿಟಾರಿನ ತಂತಿ ಇನ್ನೂ ಗುಂಯ್‌ಗುಟ್ಟುತ್ತಿರುವಾಗ, ಗೋಡೆಯ ಮೇಲಿನ ಅಲಾರಾಂ ಒಮ್ಮೆ 'ಚಿಂವ್' ಎಂದಿತು. ವಿಷಗಾಳಿ ಹೆಚ್ಚಾದರೆ ಕೂಗುವ ಅಲಾರಾಂ ಅದು. ಈಗ ಅದು ಕೂಗಿದ್ದು ವಿಷಕ್ಕಲ್ಲ, ಬ್ಯಾಟರಿ ಇಳಿದಿತ್ತು. ಮುಕ್ಕಾಲು ನಿಮಿಷಕ್ಕೊಮ್ಮೆ ಹೀಗೆ ಚಿಂವ್‌ಗುಟ್ಟುವುದು ಅದರ ಕ್ರಮ. ಬ್ರಯನಿಗೆ ಅಳು ಬರುವಷ್ಟು ಸಿಟ್ಟು ಬಂತು. ಅಲಾರಾಂ ಕಿತ್ತು, ಖಾಲಿ ಬಿಸ್ಕತ್ತಿನ ಟಿನ್ನಿನಲ್ಲಿಟ್ಟು, ಸುತ್ತ ಟೀ ಟವೆಲು ತುಂಬಿ, ಮುಚ್ಚಳ ಹಾಕಿ, ಮುಂಬಾಗಿಲಾಚೆ ದೋಣಿಯ ಮೂತಿಯಲ್ಲಿ ಹಗ್ಗದ ಸುರುಳಿಯ ಕೆಳಗೆ ಇಟ್ಟು ಬಂದಳು. ಹೊಸ ಬ್ಯಾಟರಿ ಹಾಕಬಹುದಿತ್ತು. ಮೈಕಿಗೆ ಬೇಕಾಗುವ ಅದೇ ಅಳತೆಯ ಬ್ಯಾಟರಿಗಳ ಡಬ್ಬಿಯೇ ಅವಳ ಮೊಣಕೈ ಬಳಿಯಿತ್ತು. ಆದರೆ ಆ ಬ್ಯಾಟರಿಗಳು ಹಾಡಿಗೆ ಎಂದು ಅವಳ ಕೈಗೆ ರೂಢಿಯಾಗಿಹೋಗಿತ್ತು. ವ್ಯಾನಿನಲ್ಲಿ ಸುತ್ತಿದವರ ನಿಯಮ ಅದು, ಹಾಡಿಗೆಂದು ಇಟ್ಟದ್ದನ್ನು ಟಾರ್ಚಿಗೂ ಹಾಕುವುದಿಲ್ಲ.

ಎರಡು ಹಾಡುಗಳನ್ನೂ ಊರಿನ ಲೈಬ್ರರಿಯಲ್ಲಿ ಕೂತು ಕಳಿಸಿದಳು, ಒಂದು ಪ್ರತಿ ಫ್ರಾನ್‌ಗೆ, ಒಂದು ಐವರ್‌ಗೆ. ಹಾಡುಗಳನ್ನು ತಿದ್ದಿ ಹದಗೊಳಿಸುವ ಕೆಲಸ ಐವರ್‌ನದು, ಹ್ಯಾಲಿಫ್ಯಾಕ್ಸ್‌ನ ತನ್ನ ಅಟ್ಟದಲ್ಲಿ ಅದನ್ನು ಮಾಡುತ್ತಿದ್ದ. ಫ್ರಾನ್ ಅದೇ ಸಂಜೆ ಫೋನು ಮಾಡಿದಳು.

"ಮೊದಲನೇದು ಚೆನ್ನಾಗಿದೆ. ಆದ್ರೆ ಎರಡನೇದಕ್ಕೆ ಏನ್ ಮಾಡಿದ್ರಿ? ಆ ದನಿ! ನಿದ್ದೆಗಣ್ಣಲ್ಲಿ ಹೇಳ್ದಂಗಿದೆ. ನಂಗೆ ಮೈ ಜುಂ ಅಂತು. ಅದೇ ಬೇಕು, ಅದೇ ದಾರೀಲಿ ಹೋಗಿ."

ಬ್ರಯನಿ ಯೋಚಿಸಿದಳು. ಎರಡನೆಯ ಹಾಡಿಗೂ ಮೊದಲನೆಯದಕ್ಕೂ ಇದ್ದ ವ್ಯತ್ಯಾಸ ಒಂದೇ. ಎರಡನೆಯದನ್ನು ಹಾಡಿದ ದಿನ ಅವಳು ಬೆಳಗಿನಿಂದ ಕಿಂಡಿಗಳನ್ನು ತೆಗೆದೇ ಇರಲಿಲ್ಲ. ಹಾಗಾದರೆ ಮುಚ್ಚಿದ ಕೋಣೆಗೇ ಆ ಗುಣವಿರಬೇಕು ಎಂದುಕೊಂಡಳು. ಅಂದಿನಿಂದ ಕಾಲುಚೀಲಗಳು ಕಿಂಡಿಯಲ್ಲಿಯೇ ಉಳಿದವು.

ತಲೆನೋವು ಶುರುವಾದದ್ದು ಆಗ. ಹಣೆಯ ಸುತ್ತ ಬಿಗಿಯಾದ ಪಟ್ಟಿ ಕಟ್ಟಿದಂಥ ನೋವು. ಹೆಡ್‌ಫೋನಿನ ಬಿಗಿಯೆಂದು ಅವಳು ಅದನ್ನು ಸಡಿಲಿಸಿಕೊಂಡಳು. ಮಂಗಳವಾರ ಶಾಲೆಗೆ ನಡೆದುಹೋದರೆ ದಾರಿಯಲ್ಲೇ ನೋವು ಕರಗುತ್ತಿತ್ತು, ಮಧ್ಯಾಹ್ನಕ್ಕೆ ಮಕ್ಕಳೊಂದಿಗೆ ನಗುತ್ತಿದ್ದಳು. ಬುಧವಾರ ಮತ್ತೆ ದೋಣಿಯಲ್ಲಿ ಕೂತರೆ ನೋವು ಬರುತ್ತಿತ್ತು. ಬ್ರಯನಿ ಇದನ್ನು ಸರಿಯಾಗಿಯೇ ಗಮನಿಸಿದಳು. ದೋಣಿಯಲ್ಲಿ ನೋವು, ಹೊರಗೆ ಇಲ್ಲ. ತೀರ್ಮಾನ ಮಾತ್ರ ತಪ್ಪಿತು. ದೋಣಿಯಲ್ಲಿ ತಾನು ನಿಜವಾದ ಕೆಲಸ ಮಾಡುತ್ತಿದ್ದೇನೆ, ಮೈಮನಸ್ಸನ್ನೆಲ್ಲ ಹಿಂಡಿ ಹಾಕುತ್ತಿದ್ದೇನೆ, ನೋವು ಅದರ ಗುರುತು ಎಂದುಕೊಂಡಳು. ಹಾಡು ಬರೆಯುವವರಿಗೆ ಇಂಥ ತೀರ್ಮಾನ ಬಹಳ ಸುಲಭವಾಗಿ ಬರುತ್ತದೆ.

ಜನವರಿಯ ಕೊನೆಯಲ್ಲಿ ಇಂಧನದ ದೋಣಿ ಬಂತು. ಕಲ್ಲಿದ್ದಲ ಮೂಟೆ, ಗ್ಯಾಸು, ಡೀಸೆಲ್ ತುಂಬಿಕೊಂಡು ಕಾಲುವೆಯುದ್ದಕ್ಕೂ ಹದಿನೈದು ದಿನಕ್ಕೊಮ್ಮೆ ಬರುವ ದೋಣಿ ಅದು. ಅದರ ಒಡತಿ ಡಾಟ್‌ಗೆ ಅರವತ್ತು ದಾಟಿತ್ತು, ಇಪ್ಪತ್ತೈದು ಕಿಲೋ ತೂಕದ ಮೂಟೆಯನ್ನು ದಿಂಬಿನಂತೆ ಎತ್ತುತ್ತಿದ್ದಳು.

"ಏನೇ ಗಾಯಕಿ, ಬದುಕಿದೀಯಾ?" ಎಂದು ಕೂಗುತ್ತ ಬ್ರಯನಿಯ ಚಾವಣಿಯ ಮೇಲೆ ಎರಡು ಮೂಟೆ ಇಳಿಸಿದಳು.

"ನೀನು ಬಂದು ಎಬ್ಬಿಸೋ ತನಕ ಬದುಕಿರ್ಲಿಲ್ಲ."

"ಮುಖ ನೋಡಿದ್ರೆ ಹಂಗೇ ಇದೆ. ಬೇಯಿಸಿದ ಹಂದಿಮಾಂಸದ ಬಣ್ಣ ಬಂದಿದೆ." ಡಾಟ್ ಬಗ್ಗಿ ಕಿಟಕಿಯನ್ನು ನೋಡಿದಳು. ಗಾಜಿನ ಒಳಬದಿಯಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. "ಇದೇನಿದು? ಒಳಗೇ ಮಳೆ ಬಂದಂಗಿದೆಯಲ್ಲೇ. ಗಾಳಿ ಆಡ್ತಿದೆಯಾ?"

"ಆಡ್ತಿದೆ, ಆಡ್ತಿದೆ."

"ಹೊಗೆಕೊಳವೆ ಗುಡಿಸಿದ್ದು ಯಾವಾಗ?"

"ಅಕ್ಟೋಬರ್‌ನಲ್ಲಿ."

"ಯಾವ ವರ್ಷದ್ದು?"

ಇಬ್ಬರೂ ನಕ್ಕರು. ಡಾಟ್ ನಗು ನಿಲ್ಲಿಸಿ ಒಂದು ಗಳಿಗೆ ಅವಳನ್ನೇ ನೋಡಿದಳು. "ತಮಾಷೆ ಅಲ್ಲ ಕಣೇ. ನಾಳೆ ಗುಡಿಸು. ಹಾಡ್ತಾ ಹಾಡ್ತಾ ಮಲಗಿಬಿಟ್ಟೀಯ" ಎಂದು ಎಂಜಿನ್ನು ಶುರುಮಾಡಿದಳು. ಬ್ರಯನಿ ಕೈ ಬೀಸಿದಳು. ಗುಡಿಸಬೇಕೆಂದು ಅವಳಿಗೂ ಇತ್ತು. ಆದರೆ ಗುಡಿಸಲು ಒಲೆ ಆರಿಸಬೇಕು, ಒಂದು ದಿನದ ಹಾಡು ಹೋಗುತ್ತದೆ. ಮರುದಿನ ಎದ್ದಾಗ ಡಾಟ್ ಏನು ಹೇಳಿದಳೆಂಬುದೇ ಅವಳ ನೆನಪಿನಲ್ಲಿರಲಿಲ್ಲ.

ನೆನಪು ಅಲ್ಲಲ್ಲಿ ಹರಿಯತೊಡಗಿತ್ತು. ಕೆಟಲಿಗೆ ನೀರು ಹಾಕಿದೆನೋ ಇಲ್ಲವೋ, ತನ್ನದೇ ಹಾಡಿನ ಎರಡನೆಯ ಪದ್ಯ ಯಾವುದು, ಗೊತ್ತಾಗುತ್ತಿರಲಿಲ್ಲ. ಪದ್ಯ ಮರೆತಾಗ ಬಾಯಿಗೆ ಬಂದದ್ದನ್ನು ಹಾಡಿದಳು. ಹಾಗೆ ಬಂದ ಸಾಲುಗಳು ಬರೆದವುಗಳಿಗಿಂತ ಚೆನ್ನಾಗಿದ್ದವು. ಫ್ರಾನ್ ಹುಚ್ಚೆದ್ದಳು. ಒಲೆಯ ಗಾಜಿನ ಹಿಂದೆ ಉರಿ ಮೊದಲಿನಂತೆ ಚುರುಕಾಗಿ ಕುಣಿಯದೆ, ಹಳದಿಯಾಗಿ, ಸೋಮಾರಿಯಂತೆ ಒಂದೇ ಕಡೆ ಒರಗಿ ಉರಿಯುತ್ತಿತ್ತು. ಗಾಜಿಗೆ ಮಸಿ ಹತ್ತಿತ್ತು. ಬ್ರಯನಿ ಅದರ ಮೇಲೂ ಒಂದು ಹಾಡು ಬರೆದಳು, ಮುದಿ ಬೆಕ್ಕಿನಂತೆ ಮಲಗಿದ ಬೆಂಕಿಯ ಮೇಲೆ. ಅದು ಐದನೆಯ ಹಾಡು.

ಐದನೆಯ ಹಾಡು ಕೇಳಿದ ಮೇಲೆ ಐವರ್ ಫೋನು ಮಾಡಿದ. ಅವನದು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನೌಕರಿ. ಅಳೆಯದೆ ಮಾತಾಡುವವನಲ್ಲ.

"ಬ್ರೈ, ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ. ಕುಡೀತಿದೀಯಾ?"

"ಏನಂದೆ?"

"ಒಂದೊಂದು ಹಾಡೂ ಹಿಂದಿನದಕ್ಕಿಂತ ನಿಧಾನ ಇದೆ. ಅಳೆದು ನೋಡಿದೀನಿ. ಶ್ರುತಿನೂ ಇಳೀತಿದೆ. ನಿನ್ನ ಕಾಲಿನ ತಾಳ ತಪ್ಪೋದನ್ನ ನಾನು ಜನ್ಮದಲ್ಲಿ ಕೇಳಿಲ್ಲ."

"ಅದನ್ನ ಶೈಲಿ ಅಂತಾರೆ ಮಾರಾಯ."

"ನಿನಗೆ ಶೈಲಿ ಅಂತ ಇದ್ದಿದ್ರೆ ಹನ್ನೆರಡು ವರ್ಷ ವ್ಯಾನಲ್ಲಿ ಕೂತಿದ್ದ ನನಗೆ ಗೊತ್ತಾಗ್ತಿರ್ಲಿಲ್ವಾ?"

ಅವಳಿಗೆ ಅದು ಚುಚ್ಚಿತು. "ಮೊದಲ ಸಲ ಯಾರೋ ನನ್ನ ಹಾಡು ಕೇಳಿ ಮೈ ಜುಂ ಅಂತು ಅಂದಿದಾರೆ. ಮೊದಲ ಸಲ! ನಿನಗೆ ಅದನ್ನ ನೋಡಕ್ಕಾಗ್ತಿಲ್ಲ. ನೀನು ಬೇಸ್ ನುಡಿಸೋ ಜಾಗ ಅದ್ರಲ್ಲಿ ಇಲ್ಲ ಅಂತ ಹೊಟ್ಟೆಉರಿ."

"ಸ್ಟುವರ್ಟ್‌ದೂ ಹಿಂಗೇ ಶುರು ಆಯ್ತು, ಬ್ರೈ."

ಬ್ರಯನಿ ಫೋನು ಇಟ್ಟಳು. ಅವಳು ಆ ಚಳಿಗಾಲದಲ್ಲಿ ಕುಡಿದದ್ದು ಚಹಾ ಮಾತ್ರ. ಕೈ ನಡುಗುತ್ತಿತ್ತು, ಸಿಟ್ಟಿಗೆ ಎಂದುಕೊಂಡಳು. ಇಬ್ಬರೂ ಎರಡು ವಾರ ಮಾತು ಬಿಟ್ಟರು. ಅವನ ಲೆಕ್ಕ ಸರಿಯಿತ್ತು, ಊಹೆ ತಪ್ಪಿತ್ತು. ಆ ತಪ್ಪು ಊಹೆಯಿಂದಾಗಿ ಅವಳು ಇನ್ನೂ ಆಳಕ್ಕೆ, ಒಬ್ಬಳೇ, ಬಾಗಿಲು ಹಾಕಿಕೊಂಡು ಕೂತಳು. ಶಾಲೆಗೆ ಫ್ಲೂ ಎಂದು ಹೇಳಿ ಹೋಗುವುದನ್ನೇ ನಿಲ್ಲಿಸಿದಳು. ವಾರಕ್ಕೆರಡು ಸಲ ಸಿಗುತ್ತಿದ್ದ ಹೊರಗಿನ ಗಾಳಿಯೂ ಅಲ್ಲಿಗೆ ತಪ್ಪಿತು.

ಫೆಬ್ರವರಿಯ ಮೂರನೆಯ ಭಾನುವಾರ ಮಧ್ಯಾಹ್ನ ಐವರ್ ತಾನಾಗಿಯೇ ಬಂದ. ಕ್ಷಮೆ ಕೇಳಲು ಬಂದಿದ್ದೇನೆಂದು ಅವನ ಬಾಯಿ ಹೇಳಿತು, ಆದರೆ ದೋಣಿಯ ಮೂತಿಗೆ ಕಾಲಿಡುತ್ತಲೇ ಅವನ ಕಣ್ಣು ಬಾಟಲಿಗಳನ್ನು ಹುಡುಕಿತು. ಬ್ರಯನಿ ಬಾಗಿಲು ತೆಗೆದು ನಿಂತಿದ್ದಳು. ಕೆನ್ನೆ ಕೆಂಪಾಗಿತ್ತು. ಮಾತು ಬಾಯಿಂದ ಹೊರಬರಲು ಹೊತ್ತು ಹಿಡಿಯುತ್ತಿತ್ತು.

"ಹುಡುಕು" ಎಂದಳು. "ಹುಡುಕಕ್ಕೇ ಬಂದಿರೋದು ಅಲ್ವಾ? ಹುಡುಕು."

ಹಗ್ಗದ ಸುರುಳಿ ಎತ್ತಿದಾಗ ಟಿನ್ನು ಸಿಕ್ಕಿತು. ಸ್ಟುವರ್ಟ್ ಇಂಥ ಟಿನ್ನುಗಳಲ್ಲಿ ಬಾಟಲಿ ಅಡಗಿಸುತ್ತಿದ್ದ. ಐವರ್ ಮುಚ್ಚಳ ತೆಗೆದ. ಟೀ ಟವೆಲು, ಅದರೊಳಗೆ ಅಲಾರಾಂ.

"ಇದ್ಯಾಕೆ ಇಲ್ಲಿದೆ?"

"ಅಳುಬುರುಕ ಅದು. ಚಿಂವ್ ಚಿಂವ್ ಅಂತ ಹಾಡು ಕೆಡಿಸ್ತಿತ್ತು. ಬ್ಯಾಟರಿ ಹೋಗಿದೆ."

ಅವನಿಗೆ ಆಗಲೂ ಹೊಳೆಯಲಿಲ್ಲ. ಬಾಟಲಿ ಸಿಗಲಿಲ್ಲವೆಂಬ ನಾಚಿಕೆಯಲ್ಲಿ ಏನಾದರೂ ಮಾಡಬೇಕಿತ್ತು. ಒಳಗೆ ಬಂದು ಬಾಗಿಲು ಎಳೆದುಕೊಂಡು ಕೂತ. ವಾದ್ಯ ನುಡಿಸುವವರ ಚೀಲದಲ್ಲಿ ಯಾವಾಗಲೂ ಬ್ಯಾಟರಿ ಇರುತ್ತದೆ. ಎರಡು ತೆಗೆದು ಅಲಾರಾಂಗೆ ಹಾಕಿ, ಮೇಜಿನ ಮೇಲೆ ಇಟ್ಟ. ಅದು ಒಮ್ಮೆ ಹಸಿರು ಮಿನುಗಿ ಸುಮ್ಮನಾಯಿತು.

"ನೋಡು, ಸರಿಹೋಯ್ತು" ಎಂದ. "ಏಳು ಹಾಡು ಕಳಿಸಿದೀಯ, ಎಂಟನೇದು ಕೇಳಿಸ್ತೀಯಾ?"

ಅವಳು ಗಿಟಾರ್ ಎತ್ತಿಕೊಂಡಳು. ಮೊದಲ ಪದ್ಯ ಹಾಡಿದಳು, ಬಹಳ ನಿಧಾನ. ಐವರ್‌ಗೆ ಹಣೆ ಬಿಗಿಯುವಂತಾಯಿತು. ಹಾಡು ನಿಜಕ್ಕೂ ಅದ್ಭುತವಾಗಿದೆ, ನಾನು ಮೂರ್ಖ ಎಂದು ಅವನು ಅಂದುಕೊಳ್ಳುತ್ತಿರುವಾಗಲೇ ಅಲಾರಾಂ ಕೂಗಿಕೊಂಡಿತು. ಈ ಸಲ ಚಿಂವ್ ಅಲ್ಲ. ಕಿವಿ ಹರಿದುಹೋಗುವ ನಾಲ್ಕು ಕೂಗು, ನಿಲುಗಡೆ, ಮತ್ತೆ ನಾಲ್ಕು.

"ನಾನ್ ಹೇಳ್ಲಿಲ್ವಾ?" ಎಂದಳು ಬ್ರಯನಿ, ನಗುತ್ತ, ಕಣ್ಣು ಅರ್ಧ ಮುಚ್ಚಿ. "ಅಳುಬುರುಕ. ಟಿನ್ನಿಗೆ ಹಾಕು ಮಾರಾಯ, ಇನ್ನೊಂದು ಪದ್ಯ ಇದೆ."

ಐವರ್‌ನ ಕೈ ಅಲಾರಾಂ ಕಡೆಗೆ ಹೋಯಿತು. ಮುಂದೆ ಎಷ್ಟೋ ದಿನ ಅವನನ್ನು ಕಾಡಿದ್ದು ಇದೇ. ಅವನ ಬೆರಳು ಬ್ಯಾಟರಿ ತೆಗೆಯಲು ಹೋಗಿತ್ತು. ಮೂರು ನಿಮಿಷದ ಹಿಂದೆ ತಾನೇ ಸರಿಮಾಡಿದ ವಸ್ತುವನ್ನು ತಾನೇ ನಂಬದೆ, ಬ್ಯಾಟರಿಯ ಮುಚ್ಚಳಕ್ಕೆ ಉಗುರು ಹಾಕಿ, ತಲೆಯೆತ್ತಿದಾಗ ಚಾವಣಿಯ ಕಿಂಡಿಯಿಂದ ಇಣುಕುತ್ತಿದ್ದ ಉಣ್ಣೆಯ ಹಿಮ್ಮಡಿ ಕಂಡಿತು. ಆಮೇಲೆ ಪಕ್ಕದ ಕಿಂಡಿ. ಆಮೇಲೆ ಬಾಗಿಲಿನ ಜಮಖಾನೆ. ಕೊನೆಗೆ ಹಳದಿ ಉರಿ.

"ಏಳು" ಎಂದ. "ಬ್ರೈ, ಏಳು. ಗಿಟಾರ್ ಬಿಡು."

"ಇನ್ನೊಂದು ಪದ್ಯ..."

ಅವಳು ಎದ್ದಳು, ಕಾಲು ನಿಲ್ಲಲಿಲ್ಲ. ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಹೋಗಿ ಅವಳನ್ನು ದಡದ ಹುಲ್ಲಿನ ಮೇಲೆ ಕೆಡವಿದ. ಅವನೂ ಪಕ್ಕದಲ್ಲಿ ಕೂತು ವಾಂತಿ ಮಾಡಿದ. ಬಾತುಗಳು ಕೊರಳು ಚಾಚಿ ಅವರನ್ನು ಬೈದವು. ದೋಣಿಯೊಳಗಿಂದ ಕೂಗು ಕೇಳುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕು ಬಿಗಿದು ಆಮ್ಲಜನಕ ಕೊಟ್ಟರು. ರಕ್ತ ಪರೀಕ್ಷಿಸಿದ ವೈದ್ಯೆ ಒಂದು ಅಂಕಿ ಹೇಳಿದಳು. ಬ್ರಯನಿಯ ತಲೆಯಲ್ಲಿ ಅಂದು ಯಾವ ಅಂಕಿಯೂ ನಿಲ್ಲುವಂತಿರಲಿಲ್ಲ, ಐವರ್ ಕೇಳಿಸಿಕೊಂಡ. "ಇಷ್ಟಕ್ಕೆ ಮುಗಿಯಿತು ಅಂತ ತಿಳ್ಕೋಬೇಡಿ" ಎಂದಳು ವೈದ್ಯೆ. "ಕೆಲವರಿಗೆ ಪೂರ್ತಿ ವಾಸಿಯಾದ ಮೇಲೆ, ಮೂರ್ನಾಲ್ಕು ವಾರ ಬಿಟ್ಟು, ಮತ್ತೆ ಶುರುವಾಗುತ್ತೆ. ಮರೆವು, ನಡುಕ, ನಡಿಗೆ ತಪ್ಪೋದು. ಬರಬಹುದು, ಬರದೇನೂ ಇರಬಹುದು."

ಬರಬಹುದು ಎಂಬ ಮಾತಿನ ಕೆಳಗೆ ಬ್ರಯನಿ ಆ ವಸಂತವನ್ನು ಕಳೆದಳು. ದಿನಾ ಬೆಳಿಗ್ಗೆ ಎದ್ದು ಬಸ್ ನಿಲ್ದಾಣದ ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸಿ ನೋಡುತ್ತಿದ್ದಳು. ಬೆರಳು ಒಂದು ಕಡೆ ತಡೆದರೂ ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು. ಡಾಟ್ ಬಂದು ಒಲೆ ಬಿಚ್ಚಿ, ಕೊಳವೆಯಿಂದ ಒಂದು ಬಕೆಟ್ ಮಸಿ ತೆಗೆದಳು. ಹೋಗುವಾಗ, "ನಾನು ಅವತ್ತು ಒಳಗೆ ಬಂದು ನೋಡಬೇಕಿತ್ತು ಕಣೇ" ಎಂದಳು.

ಎಲ್ಲ ಕಿಂಡಿ ತೆಗೆದು, ಕಿಟಕಿ ತೆಗೆದು, ಮಾರ್ಚಿನಲ್ಲಿ ಬ್ರಯನಿ ಎಂಟೂ ಹಾಡುಗಳನ್ನು ಮತ್ತೆ ಹಾಡಿದಳು. ದನಿ ಮೊದಲಿನದೇ. ಸ್ವಚ್ಛ, ಚುರುಕು, ನೇರ. ಕಾಲಿನ ತಾಳ ಒಂದು ಕೂದಲೂ ತಪ್ಪಲಿಲ್ಲ. ಫ್ರಾನ್‌ಗೆ ಕಳಿಸಿ, ನಡೆದದ್ದನ್ನೆಲ್ಲ ಹೇಳಿದಳು. ಫ್ರಾನ್ ಅತ್ತಳು, ನಿಜವಾಗಿಯೇ ಅತ್ತಳು. ಆಮೇಲೆ, "ಹೊಸದೂ ಚೆನ್ನಾಗಿದೆ" ಎಂದಳು.

"ಆದ್ರೆ?" ಎಂದಳು ಬ್ರಯನಿ.

"ಆದ್ರೆ ಅದು ಅಲ್ಲ. ನಿಮಗೂ ಗೊತ್ತು. ಹಳೇದನ್ನೇ ತರೋಣ. ಯಾರಿಗೂ ಏನೂ ಹೇಳೋದು ಬೇಡ, ಹಾಡು ಹಾಡು ಅಷ್ಟೇ. ನಿರ್ಧಾರ ನಿಮ್ಮದು."

ಐವರ್ ಬೇಡವೆಂದ. "ಅದು ನಿನ್ನ ದನಿ ಅಲ್ಲ."

"ನನ್ನ ಬಾಯಿಂದ ಬಂದಿದ್ದು."

"ಮತ್ತೆ ಆ ಎಂಟನೇ ಹಾಡು? ಹಾಡಿದ ನೆನಪಿದೆಯಾ?"

ಇರಲಿಲ್ಲ. ಮುಚ್ಚಿದ ದೋಣಿಯಲ್ಲಿ ಅದನ್ನು ಹಿಂದಿನ ದಿನವೇ ಪೂರ್ತಿ ಹಾಡಿ ಮುಗಿಸಿದ್ದಳಂತೆ, ಕಂಪ್ಯೂಟರಿನಲ್ಲಿ ದಿನಾಂಕವಿತ್ತು. ಹೆಡ್‌ಫೋನು ಹಾಕಿ ಕೇಳಿದಾಗ ಯಾವಳೋ ಒಬ್ಬಳು, ತುಂಬ ಸಮಾಧಾನದಿಂದ, ಬಾಗಿಲಾಚೆ ಹೋಗುವವಳಂತೆ ಹಾಡುತ್ತಿದ್ದಳು. ಬ್ರಯನಿಗೆ ಅವಳನ್ನು ಕಂಡು ಹೆದರಿಕೆಯಾಯಿತು. ಅವಳಷ್ಟು ಚೆನ್ನಾಗಿ ತಾನೆಂದೂ ಹಾಡಿಲ್ಲವೆಂಬುದೂ ಸ್ಪಷ್ಟವಿತ್ತು. ತಂದುಬಿಡಿ ಎಂದು ಫ್ರಾನ್‌ಗೆ ಹೇಳಿದಳು.

ಆಲ್ಬಂ ಬೇಸಿಗೆಯಲ್ಲಿ ಬಂತು. ಪತ್ರಿಕೆಗಳು 'ಮಂಪರು ದನಿ' ಎಂದವು. ಹನ್ನೆರಡು ವರ್ಷ ವ್ಯಾನಿನಲ್ಲಿ ಸುತ್ತಿದರೂ ಸಿಗದಷ್ಟು ಜನ ಮೂರು ತಿಂಗಳಲ್ಲಿ ಸಿಕ್ಕಿದರು. ಸಭಾಂಗಣಗಳು ತುಂಬಿದವು. ತುಂಬಿದ ಸಭಾಂಗಣಕ್ಕೆ ಬಂದವರಿಗೆ ಆ ದನಿಯೇ ಬೇಕಿತ್ತು. ಬ್ರಯನಿ ಅದಕ್ಕೊಂದು ಉಪಾಯ ಕಂಡುಕೊಂಡಳು. ಸಾಲು ಶುರುಮಾಡುವ ಮುಂಚೆ ಎದೆಯ ಉಸಿರನ್ನೆಲ್ಲ ಹೊರಗೆ ಬಿಟ್ಟು, ಖಾಲಿ ಎದೆಯಿಂದ ಹಾಡುವುದು. ಮತ್ತೆ ಬೇಸ್ ಹಿಡಿದು ಅವಳ ಪಕ್ಕ ನಿಲ್ಲುತ್ತಿದ್ದ ಐವರ್‌ಗೆ ಅವಳ ತುಟಿಯ ಬಣ್ಣ ಬದಲಾಗುವುದು ಕಾಣುತ್ತಿತ್ತು.

ಶೆಫೀಲ್ಡ್‌ನಲ್ಲಿ ಎಂಟನೆಯ ಹಾಡಿನ ನಡುವೆ ಅವಳು ನಿಂತಲ್ಲೇ ಕುಸಿದು ಕೂತಳು. ಅದೂ ಹಾಡಿನ ಭಾಗವೆಂದು ತಿಳಿದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹಿಂದಿನ ಕೋಣೆಯಲ್ಲಿ ಐವರ್ ಅವಳ ಕೈಗೆ ನೀರಿನ ಗ್ಲಾಸು ಕೊಟ್ಟ. ಬೆರಳುಗಳು ಗ್ಲಾಸನ್ನು ಹುಡುಕುವುದಕ್ಕೆ ಹೊತ್ತು ಹಿಡಿಯಿತು.

"ನೀನು ಹಾಡ್ತಿಲ್ಲ ಬ್ರೈ. ದಿನಾ ಸಂಜೆ ಟಿಕೆಟ್ ಇಟ್ಟು ಆ ದೋಣಿ ಒಳಗೆ ವಾಪಸ್ ಹೋಗ್ತಿದೀಯ. ನಾನು ಪಕ್ಕದಲ್ಲಿ ನಿಂತು ಅದಕ್ಕೆ ಬೇಸ್ ನುಡಿಸ್ತಿದೀನಿ."

"ಜನಕ್ಕೆ ಅದೇ ಬೇಕು."

"ಜನಕ್ಕೆ ಅದು ಏನು ಅಂತ ಗೊತ್ತಾ?"

ಅವಳು ಎರಡು ಗುಟುಕು ನೀರು ಕುಡಿದಳು. ಆಮೇಲೆ, "ಆಸ್ಪತ್ರೇಲಿ ಆ ಡಾಕ್ಟರು ಏನೋ ಹೇಳಿದ್ಲಲ್ಲ. ಎಷ್ಟು ಅದು?" ಎಂದು ಕೇಳಿದಳು. ಐವರ್ ಹೇಳಿದ. ಅವಳು ಗ್ಲಾಸು ಕೆಳಗಿಟ್ಟಳು.

ಅದರ ಮುಂದಿನ ಶನಿವಾರ ಅವರು ಹಾಡಿದ್ದು ಹ್ಯಾಲಿಫ್ಯಾಕ್ಸ್‌ನಲ್ಲಿ. ಅಲ್ಲಿಂದಾಚೆ ಎಂಟನೆಯ ಹಾಡನ್ನು ಅವಳು ಎಲ್ಲಿಯೂ ಹಾಡಿಲ್ಲ. ಬಾಕಿ ಹಾಡುಗಳನ್ನು ತುಂಬಿದ ಎದೆಯಿಂದ, ಕಾಲಿನಿಂದ ತಾಳ ಹಾಕುತ್ತ, ಹಾಜರಿ ಕೂಗುವ ಟೀಚರಿನಂತೆಯೇ ಹಾಡುತ್ತಾಳೆ. ಬರುವವರು ಕಡಿಮೆಯಾಗಿದ್ದಾರೆ. ಫ್ರಾನ್ ಈಗ ಫೋನು ಮಾಡುವುದಿಲ್ಲ. ಎಡಗೈಯ ಎರಡು ಬೆರಳು ಕೆಲವು ದಿನ ತಂತಿಯ ಮೇಲೆ ಹೇಳಿದ ಮಾತು ಕೇಳುವುದಿಲ್ಲ. ಅದು ವೈದ್ಯೆ ಹೇಳಿದ್ದರ ಆರಂಭವೋ, ಬರಿಯ ದಣಿವೋ, ಯಾರಿಗೂ ಖಚಿತವಿಲ್ಲ.

ಹ್ಯಾಲಿಫ್ಯಾಕ್ಸ್‌ನ ಆ ಸಂಜೆ ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕನೊಬ್ಬ ಹಾಡುಗಳ ನಡುವೆ, ಬಹಳ ಪ್ರೀತಿಯಿಂದ, "ಆ ದನಿ ಎಲ್ಲಿಂದ ತಂದೆ ಮಗಳೇ? ಚಿಕ್ಕವಳಾಗಿದ್ದಾಗ ಪಬ್ಬಲ್ಲಿ ಹಿಂಗೆ ಹಾಡ್ತಿರ್ಲಿಲ್ಲ ನೀನು" ಎಂದು ಕೇಳಿದ್ದ. ಬೇರೆ ಊರುಗಳಲ್ಲಿ ಅವಳು ಇದಕ್ಕೆ ಚಳಿಗಾಲ ಕೊಟ್ಟದ್ದು ಎಂದು ಹೇಳಿ ನಗುತ್ತಿದ್ದಳು. ಅಂದು ನಗಲಿಲ್ಲ. ಮೈಕಿನ ಬಳಿ ಬಂದು, ಹೊಟ್ಟೆ ತುಂಬ ಉಸಿರು ಎಳೆದುಕೊಂಡಳು. ಆ ಉಸಿರಿನ ಸದ್ದು ಸಭಾಂಗಣದ ಕೊನೆಯವರೆಗೂ ಕೇಳಿತು.

"ಒಲೆಯಿಂದ" ಎಂದಳು. ಜನ ನಕ್ಕರು. "ತಮಾಷೆ ಅಲ್ಲ. ದೋಣೀಲಿ ಕಿಂಡಿ ಮುಚ್ಕೊಂಡು ಹಾಡಿದೆ. ನೀವು ಮನೇಲಿ ಕೇಳ್ತಿರೋದು ವಿಷ ಕುಡೀತಿರೋ ಒಬ್ಬಳನ್ನ. ಸಿಗರೇಟು ಸೇದದವರ ರಕ್ತದಲ್ಲಿ ಆ ಗಾಳಿ ನೂರಕ್ಕೆ ಒಂದೋ ಎರಡೋ ಪಾಲು ಇರುತ್ತಂತೆ."

ಹಿಂದೆ ಐವರ್ ಬೇಸಿನ ತಂತಿಗಳ ಮೇಲೆ ಅಂಗೈಯಿಟ್ಟು ಅವುಗಳ ಗುಂಯ್ ನಿಲ್ಲಿಸಿದ. ಮುದುಕ ಕಿವಿಯ ಹಿಂದೆ ಕೈಯಿಟ್ಟುಕೊಂಡು ಮುಂದಕ್ಕೆ ಬಾಗಿ, "ಮತ್ತೆ ನಿನ್ನ ರಕ್ತದಲ್ಲಿ?" ಎಂದು ಕೇಳಿದ.

"ಮೂವತ್ತನಾಲ್ಕು."